ನೀಲಿ ಚುಕ್ಕಿಯ ಸಾಕ್ಷಿ

ಆ ರೆಕಾರ್ಡನ್ನು ಮೊದಲು ಕಂಡವನು ಮಧುಸೂದನ ರಣದಿವೆಯೇ. ಮುಂಬಯಿಯ ಚೋರ್ ಬಜಾರಿನ ಒಂದು ಅಂಗಡಿಯಲ್ಲಿ, ರೆಕ್ಕೆ ಮುರಿದ ಫ್ಯಾನುಗಳ ರಾಶಿಯ ಹಿಂದೆ, ಚಂದ್ರಭಾಗಾಬಾಯಿ ಮೋರ್ಜಿಕರ್ ಹಾಡಿದ ಭೈರವಿ ಧೂಳು ಹೊದ್ದು ಮಲಗಿತ್ತು. ಅರ್ಧ ಆಯುಷ್ಯ ಹುಡುಕಿದ ವಸ್ತು ಕಣ್ಣಿಗೆ ಬಿದ್ದಾಗ ಆ ಬಜಾರಿನಲ್ಲಿ ಏನು ಮಾಡಬೇಕೋ ಅದನ್ನೇ ಅವನು ಮಾಡಿದ. ಮುಖ ಸಿಂಡರಿಸಿದ. "ಇದಕ್ಕೆ ಅಷ್ಟೊಂದಾ?" ಎಂದು ಕೈ ಕೊಡವಿಕೊಂಡು ಹೊರಟ. ಬೆನ್ನು ತಿರುಗಿಸಿದ ಗಿರಾಕಿಯನ್ನು ಅಂಗಡಿಯವನು ಕೂಗಿ ಕರೆಯಬೇಕು, ಆಮೇಲೆ ಬೆಲೆ ಇಳಿಯಬೇಕು, ಅಲ್ಲಿನ ವ್ಯಾಪಾರ ನಡೆಯುವುದೇ ಹಾಗೆ. ರಣದಿವೆ ಮೂಲೆಯ ಕಬಾಬಿನ ಗಾಡಿಯವರೆಗೂ ನಿಧಾನವಾಗಿ ನಡೆದ. ಯಾರೂ ಕರೆಯಲಿಲ್ಲ. ತಿರುಗಿ ನೋಡಿದರೆ, ಅವನ ಜೊತೆಗೇ ಸುತ್ತಾಡಲು ಬಂದಿದ್ದ ಸುಲಭಾ ಕೋಠಾರೆ ಕೇಳಿದಷ್ಟು ಕೊಟ್ಟು, ರೆಕಾರ್ಡನ್ನು ಹಳೇ ಪೇಪರಿನಲ್ಲಿ ಸುತ್ತಿಸಿಕೊಳ್ಳುತ್ತಿದ್ದಳು.

"ನಿಮಗೆ ಬೇಡ ಅಂದ್ರಲ್ಲ ಭಾವೋಜಿ, ಅದಕ್ಕೇ ನಾನು ತಗೊಂಡೆ," ಎಂದಳು, ಉಪಕಾರ ಮಾಡಿದವಳ ಹಾಗೆ. ರಕ್ತಸಂಬಂಧವಿಲ್ಲದಿದ್ದರೂ ಅವಳಿಗೆ ಅವನು ಭಾವೋಜಿ, ಅಂದರೆ ಮೈದುನ; ಅವನಿಗೆ ಅವಳು ವಹಿನಿ, ಅತ್ತಿಗೆ.

ಅಷ್ಟಕ್ಕೇ ಮುಗಿದಿದ್ದರೆ ಅವನು ಕ್ಷಮಿಸುತ್ತಿದ್ದನೇನೋ. ಆದರೆ ಅವಳು ಅದಕ್ಕೆ ಗಾಜಿನ ಚೌಕಟ್ಟು ಹಾಕಿಸಿ ಹಾಲಿನ ಗೋಡೆಗೆ ನೇತುಹಾಕಿದಳು.

"ವಹಿನಿ, ಒಂದು ಸಲ ಹಾಕಿ ಕೇಳಬಹುದಲ್ಲ?"

"ಹಾಕಿದ್ರೆ ಸವೆಯುತ್ತೆ ಭಾವೋಜಿ. ಹೀಗಿದ್ರೆ ಮುಂದೆ ಮೊಮ್ಮಕ್ಕಳೂ ನೋಡಬಹುದು."

"ನೋಡೋದಾ?"

"ಮತ್ತೆ? ಎಷ್ಟು ಚಂದ ಹೊಳೆಯುತ್ತೆ ನೋಡಿ."

ಪ್ರತಿ ಭಾನುವಾರ ಸಂಜೆ ಶಿವಾಜಿ ಪಾರ್ಕಿನ ಕೋಠಾರೆ ಮನೆಯಲ್ಲಿ ನಾಲ್ಕು ಜನ ಸೇರಿ ಹಳೆಯ ಹಾಡು ಕೇಳುತ್ತಿದ್ದರು. ಸುಲಭಾ, ಅವಳ ಗಂಡ ಅಜಿತ್, ಪೆಡ್ಡರ್ ರೋಡಿನ ಪಾರ್ಸಿ ಮುದುಕಿ ಪೆರಿನ್‌ಬಾಯಿ, ಮತ್ತು ರಣದಿವೆ. ಮದುವೆಯಾಗದೆ ಉಳಿದ ರಣದಿವೆಗೆ ವಾರದಲ್ಲಿ ಮನುಷ್ಯರೊಡನೆ ಕೂತು ಉಣ್ಣುವ ದಿನ ಅದೊಂದೇ. ಅಂಥ ದಿನ ಎದುರುಗೋಡೆಯಿಂದ ಚಂದ್ರಭಾಗಾಬಾಯಿ ಬಾಯಿಗೆ ಗಾಜು ಕಟ್ಟಿಸಿಕೊಂಡು ಅವನನ್ನೇ ನೋಡುತ್ತಿದ್ದರು. ರಾಕ್ಷಸನು ಕೋಟೆಯಲ್ಲಿ ಕೂಡಿಹಾಕಿದ ರಾಜಕುಮಾರಿ ಬುರುಜಿನ ಕಿಂಡಿಯಿಂದ ನೋಡುವ ಹಾಗೆ. ಅವನು ಬೊಂಬಿಲ್ ಮೀನನ್ನು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದ.

ಕದಿಯುವುದು ಕಷ್ಟವಿರಲಿಲ್ಲ. ಕೋಠಾರೆಯವರು ಎಲ್ಲಿಗೆ ಹೋದರೂ ಬೀಗದಕೈಯನ್ನು ಬಾಗಿಲಿಗೆ ತೂಗುಬಿಟ್ಟ ಹಾಲಿನ ಚೀಲದೊಳಗೆ ಇಟ್ಟುಹೋಗುತ್ತಾರೆಂದು ಕಟ್ಟಡದಲ್ಲಿ ಗೊತ್ತಿಲ್ಲದವರಿಲ್ಲ. ಕಷ್ಟವಿದ್ದದ್ದು ಕದ್ದ ಮೇಲೆ. ರೆಕಾರ್ಡು ಕಾಣೆಯಾದರೆ ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು ತನ್ನದೇ ಎಂದು ರಣದಿವೆಗೆ ಗೊತ್ತಿತ್ತು. ಸಿಕ್ಕಿಬಿದ್ದರೆ ಜೈಲಿನ ಮಾತು ಹಾಗಿರಲಿ, ಭಾನುವಾರಗಳು ಹೋಗುತ್ತವೆ. ಅವನಿಗೆ ರೆಕಾರ್ಡೂ ಬೇಕಿತ್ತು, ಭಾನುವಾರವೂ ಬೇಕಿತ್ತು.

ನಿವೃತ್ತಿಯವರೆಗೂ ಅವನು ವಿಮಾ ಕಂಪನಿಯ ಸರ್ವೇಯರ್. ಸುಟ್ಟ ಗೋದಾಮು, ಮುಳುಗಿದ ದೋಣಿ, ಕಳುವಾದ ಸರ, ಎಲ್ಲದರ ಹಿಂದಿನ ಸುಳ್ಳುಗಳನ್ನು ಮೂಸಿ ನೋಡಿದವನು. ಸುಳ್ಳುಗಾರರು ಕೆಡುವುದು ಹೇಗೆ ಎಂಬುದರಲ್ಲಿ ಅವನು ಪಂಡಿತ. ಅವರು ತಮ್ಮ ಬಗ್ಗೆ ವಿಪರೀತ ಹೇಳುತ್ತಾರೆ. ಜಾಣನಾದವನು ತನ್ನ ಬಗ್ಗೆ ಏನೂ ಹೇಳಬಾರದು, ಇನ್ನೊಬ್ಬರ ಬಗ್ಗೆ ಹೇಳಬೇಕು. 'ನಾನು ಅಲ್ಲಿದ್ದೆ' ಅನ್ನುವುದಕ್ಕಿಂತ 'ನಿಮ್ಮನ್ನು ಅಲ್ಲಿ ನೋಡಿದೆ' ಅನ್ನುವುದು ಗಟ್ಟಿ.

ಆಗ ಸುಲಭಾ ತಾನಾಗಿಯೇ ದಾರಿ ಮಾಡಿಕೊಟ್ಟಳು. ಐವತ್ತು ದಾಟಿದ ಮೇಲೆ, ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಲೇ, ಈ ಜನವರಿಯ ಮ್ಯಾರಥಾನ್ ಪೂರ್ತಿ ಓಡುತ್ತೇನೆಂದು ಸಾರಿದಳು. ಅಜಿತ್ ಉತ್ಸಾಹದಿಂದ ಎಲ್ಲರಿಗೂ ಜಾಗ ಹಂಚಿದ. ಓಟ ಹೊರಟು ಪೆಡ್ಡರ್ ರೋಡ್ ಏರುವಾಗ ಕೂಗಿ ಹುರಿದುಂಬಿಸಲು ಪೆರಿನ್‌ಬಾಯಿ. ವರ್ಳಿಯಿಂದ ಸಮುದ್ರ ಸೇತುವೆ ದಾಟಿ, ಬಾಂದ್ರಾದಲ್ಲಿ ತಿರುಗಿ, ಮಾಹೀಮಿಗೆ ಬರುವಾಗ ಕಿತ್ತಳೆ ತೊಳೆ ಕೊಡಲು ರಣದಿವೆ. ಕೊನೆಯಲ್ಲಿ ಆಜಾದ್ ಮೈದಾನದ ಹತ್ತಿರ ಅಜಿತ್, ಹೆಂಡತಿಯ ಫೋನು ಚಪ್ಪಲಿ ಶಾಲು ಹಿಡಿದುಕೊಂಡು.

"ಯಾವಾಗ ಬರ್ತಾಳೆ ಅಂತ ಹೇಗೆ ತಿಳ್ಯೋದು ಡೀಕ್ರಾ?" ಎಂದು, ಎಲ್ಲರನ್ನೂ ತಮ್ಮ ಗುಜರಾತಿಯಲ್ಲಿ 'ಮಗನೇ' ಎಂದೇ ಕರೆಯುವ ಪೆರಿನ್‌ಬಾಯಿ ಕೇಳಿದ್ದಕ್ಕೆ ಅಜಿತ್ ಎಲ್ಲರ ಫೋನಿಗೂ ಒಂದು ಆ್ಯಪ್ ಹಾಕಿಕೊಟ್ಟ. ಸುಲಭಾ ಎದೆಗೆ ಅಂಟಿಸಿಕೊಳ್ಳುವ ಓಟದ ನಂಬರು ಒತ್ತಿದರೆ ಮುಂಬಯಿ ನಕ್ಷೆಯ ಮೇಲೆ ಒಂದು ನೀಲಿ ಚುಕ್ಕಿ. ಅವಳು ಎಲ್ಲಿ ಓಡುತ್ತಿದ್ದಾಳೋ ಚುಕ್ಕಿ ಅಲ್ಲಿ.

ರಣದಿವೆ ಆ ಚುಕ್ಕಿಯನ್ನು ನೋಡಿದ ಕ್ಷಣವೇ ಪ್ರೀತಿಸಿಬಿಟ್ಟ. ಅಜ್ಜಿಕತೆಗಳಲ್ಲಿ ಬರುವ ಅಂಜನದ ಹಾಗಿತ್ತು ಅದು, ವೀಳ್ಯದೆಲೆಗೆ ಹಚ್ಚಿ ನೋಡಿದರೆ ದೂರದವರು ಕಾಣುವಂಥದು. ಇನ್ನು ಅವನು ಮಾಹೀಮಿನಲ್ಲಿ ನಿಲ್ಲುವ ಅಗತ್ಯವೇ ಇಲ್ಲ. ಅವಳು ಅಲ್ಲಿ ದಾಟುವ ಹೊತ್ತಿಗೆ ಸರಿಯಾಗಿ, ಅವಳದೇ ಮನೆಯ ಸೋಫಾ ಮೇಲೆ ಕೂತು, 'ಇದೀಗ ನನ್ನ ಮುಂದೆ ದಾಟಿದಳು' ಎಂದು ಗುಂಪಿಗೆ ಒಂದು ಮೆಸೇಜು. ಹೊತ್ತನ್ನು ಫೋನೇ ಬರೆದಿಡುತ್ತದೆ. ಅವಳು 'ನಾನು ನಿಮ್ಮನ್ನು ನೋಡಲಿಲ್ಲವಲ್ಲ' ಅಂದರೆ? ಅಷ್ಟು ದೂರ ಓಡಿದವರಿಗೆ ಹೆತ್ತ ತಾಯಿ ಎದುರು ನಿಂತರೂ ಗುರುತು ಸಿಗುವುದಿಲ್ಲ. ಕಿತ್ತಳೆ ಕೊಡಲಿಲ್ಲವಲ್ಲ ಅಂದರೆ, ನೂಕುನುಗ್ಗಲು. ನೋಡಿದೆ ಎನ್ನುವವನ ಮಾತನ್ನು ನೋಡದವಳು ಸುಳ್ಳಾಗಿಸುವುದು ಹೇಗೆ? ಅವನು ಯೋಜನೆಯನ್ನು ಎಷ್ಟು ಸಲ ತಿರುಗಿಸಿ ನೋಡಿದರೂ ಸುತ್ತ ಎಲ್ಲೂ ಬಿರುಕು ಕಾಣಲಿಲ್ಲ.

ಓಟದ ಭಾನುವಾರ ಬೆಳಗ್ಗೆ ತನ್ನ ಮನೆಯ ಹತ್ತಿರ, ಹಿಂದೂ ಕಾಲೋನಿಯ ಮೂಲೆಯಲ್ಲಿ ಅವನು ಟ್ಯಾಕ್ಸಿ ಹಿಡಿದ. ತೊಡೆಯ ಮೇಲೆ ಕಿತ್ತಳೆಯ ಚೀಲ, ಚಾಲಕನ ನೆನಪಿನಲ್ಲಿ ಉಳಿಯಲೆಂದೇ.

"ಮಾಹೀಮಾ? ಇವತ್ತಾ?" ಚಾಲಕ ಕನ್ನಡಿಯಲ್ಲಿ ಅವನನ್ನು ದಿಟ್ಟಿಸಿದ. "ಅರ್ಧ ಊರು ಚಡ್ಡಿ ಹಾಕ್ಕೊಂಡು ರಸ್ತೆ ಮೇಲಿದೆ ಸಾಹೇಬ್. ಗಾಡಿ ಎಲ್ಲಿಂದ ಬಿಡಲಿ?"

"ತುಳಸಿ ಪೈಪ್ ರೋಡ್ ಹಿಡಿ. ಸಮುದ್ರದ ಕಡೆ ಮಾತ್ರ ಬಂದ್ ಮಾಡಿರೋದು."

"ಎಲ್ಲರೂ ಇದೇ ಪೇಪರ್ ಓದ್ಕೊಂಡು ಬಂದಿರ್ತಾರೆ." ಓದಿಕೊಂಡೇ ಬಂದಿದ್ದರು. ಮಾಟುಂಗಾ ದಾಟುವಷ್ಟರಲ್ಲಿ ಟ್ಯಾಕ್ಸಿ ನಿಂತಲ್ಲೇ ನಿಂತಿತು. ಚಾಲಕ ಇಂಜಿನ್ ಆರಿಸಿ ಪುಡಿ ತಂಬಾಕು ತಿಕ್ಕತೊಡಗಿದ. "ಒಂದು ಮಾತು ಹೇಳಿ ಸಾಹೇಬ್. ಅವರೆಲ್ಲ ಹೊರಟ ಜಾಗಕ್ಕೇ ವಾಪಸ್ ಬರ್ತಾರಂತೆ, ಹೌದಾ?"

"ಸುಮಾರು ಹಾಗೇ."

"ಹಂಗಾದ್ರೆ ಅಲ್ಲೇ ಕೂತಿದ್ರೆ ಆಗ್ತಿರಲಿಲ್ವಾ?"

"ನಮ್ಮ ವಹಿನಿ ಓಡ್ತಿದಾರಪ್ಪ. ಮಾಹೀಮ್ ಚರ್ಚಿನ ಹತ್ರ ನಿಂತು ಈ ಕಿತ್ತಳೆ ಕೊಡಬೇಕು," ಎಂದ ರಣದಿವೆ, ಬೇಕಾದ್ದಕ್ಕಿಂತ ಜೋರಾಗಿ.

"ನೀವು ಹೋಗೋ ಹೊತ್ತಿಗೆ ಅವರು ಓಡಿ ಮುಗಿಸಿ, ಮನೇಲಿ ಅನ್ನಕ್ಕಿಟ್ಟಿರ್ತಾರೆ."

ಒಳ್ಳೆಯ ಸಾಕ್ಷಿ ಎಂದುಕೊಂಡ ರಣದಿವೆ, ಇಳಿಯುವಾಗ ಅವನಿಗೂ ಒಂದು ಹಣ್ಣು ಕೊಟ್ಟ. ಚರ್ಚಿನ ಹತ್ತಿರ ಪೊಲೀಸರು ಓಟಗಾರರ ಸಂದು ನೋಡಿ ಹಗ್ಗ ಎತ್ತುತ್ತಿದ್ದರು. ಹೆಂಗಸರ ಗುಂಪಿನೊಡನೆ ಅವನೂ ತಲೆ ಬಗ್ಗಿಸಿ ರಸ್ತೆ ದಾಟಿದ. ಅಲ್ಲಿಂದ ಒಂದು ಗಲ್ಲಿ, ಗಲ್ಲಿಯ ಬಾಯಲ್ಲಿ ಸಮುದ್ರ. ನೀರು ಇಳಿಯುವ ಹೊತ್ತನ್ನೂ ಅವನು ನೋಡಿಟ್ಟಿದ್ದ. ಒದ್ದೆ ಮರಳು ಶಿವಾಜಿ ಪಾರ್ಕಿನವರೆಗೂ ಹೊಸ ರಸ್ತೆಯಂತೆ ಬಿದ್ದಿತ್ತು. ಇಡೀ ಮುಂಬಯಿ ಹಾರ್ನ್ ಒತ್ತುತ್ತ ನಿಂತಿರುವಾಗ ಅವನೊಬ್ಬನಿಗೆ ಸಮುದ್ರವೇ ಸರಿದು ದಾರಿ ಬಿಟ್ಟಿತ್ತು. ಬಲೆ ಒಣಗಿಸುತ್ತಿದ್ದ ಒಬ್ಬ ಬೆಸ್ತರ ಹೆಂಗಸು ಬಿಟ್ಟರೆ ಅವನನ್ನು ನೋಡಿದವು ಏಡಿಗಳು ಮಾತ್ರ.

ಕೋಠಾರೆಯವರ ಕಟ್ಟಡದ ಹಿಂದಿನ ಗೇಟು ಮರಳಿಗೇ ತೆರೆಯುತ್ತದೆ. ಕಾವಲಿನವನ ಸಮೇತ ಇಡೀ ಕಟ್ಟಡ ಮುಂದಿನ ರಸ್ತೆಯಲ್ಲಿ ಸ್ಟೀಲ್ ತಟ್ಟೆ ಬಡಿಯುತ್ತಿತ್ತು. ಹಾಲಿನ ಚೀಲ, ಬೀಗದಕೈ, ಬಾಗಿಲು. ಒಳಗೆ ಹೋದವನೇ ಅವನು ಮೊದಲು ಮಾಡಿದ್ದು ಟೀವಿ ಹಾಕಿ ಸದ್ದು ಅಡಗಿಸಿದ್ದು.

ಟೀವಿಯಲ್ಲಿ ಗೆಲ್ಲುವವರದೇ ದರ್ಬಾರು. ಆದರೂ ನಡುನಡುವೆ ಮಾಹೀಮನ್ನು ತೋರಿಸಿದರು. ಲೇಝೀಮ್ ಆಡುವ ಹುಡುಗಿಯರು, ಪೊಲೀಸ್ ಬ್ಯಾಂಡು, ವಡಾಪಾವಿನ ವೇಷ ತೊಟ್ಟು ಬೆವರುತ್ತ ಓಡುವ ಒಬ್ಬ ಮಹಾಶಯ. ರಣದಿವೆ ಎಲ್ಲವನ್ನೂ ಮನಸ್ಸಿನಲ್ಲಿ ಜೋಡಿಸಿಕೊಂಡ. ಫೋನಿನಲ್ಲಿ ನೀಲಿ ಚುಕ್ಕಿ ಸೇತುವೆ ದಾಟಿತು, ಬಾಂದ್ರಾದಲ್ಲಿ ತಿರುಗಿತು, ಒಂದೇ ಸಮನೆ, ದಣಿವಿಲ್ಲದೆ, ಮಾಹೀಮಿಗೆ ಬಂತು. ಪರವಾಗಿಲ್ಲ ವಹಿನಿ, ಎಂದು ಅವನಿಗೆ ನಿಜವಾಗಿ ಹೆಮ್ಮೆಯಾಯಿತು. ಚುಕ್ಕಿ ಚರ್ಚಿನ ಮುಂದೆ ಬಂದಾಗ ಅವಳ ಸೋಫಾ ಮೇಲೆ ಕೂತೇ ಬರೆದ: "ಇದೀಗ ನನ್ನ ಮುಂದೆ ದಾಟಿದರು ನಮ್ಮ ವಹಿನಿ, ವಡಾಪಾವಿನ ಹಿಂದೆಯೇ. ಜನ ನೂಕಿದ್ದರಿಂದ ಕಿತ್ತಳೆ ಕೊಡಲಾಗಲಿಲ್ಲ. ಎಷ್ಟು ಕೂಗಿದರೂ ತಿರುಗಲಿಲ್ಲ. ಮುಖದಲ್ಲಿ ನಗು."

ಪೆರಿನ್‌ಬಾಯಿ ಎಂಟು ಹೃದಯ ಕಳಿಸಿದರು. ಅಜಿತ್ ಓದಿದ, ಉತ್ತರಿಸಲಿಲ್ಲ. ಗದ್ದಲದಲ್ಲಿದ್ದಾನೆ, ಪಾಪ.

ಚೌಕಟ್ಟನ್ನು ಇಳಿಸಿ, ರೆಕಾರ್ಡು ತೆಗೆದು ಟವೆಲಿನಲ್ಲಿ ಸುತ್ತಿ ಕಿತ್ತಳೆಯ ಕೆಳಗಿಟ್ಟ. ಟೀವಿ ಆರಿಸಿದ. ಬೀಗದಕೈ ಚೀಲಕ್ಕೆ ಮರಳಿತು. ಮುಂದಿನ ರಸ್ತೆಯಲ್ಲಿ ಆಗಲೂ ಓಟಗಾರರು ಹೋಗುತ್ತಲೇ ಇದ್ದರು. ಸ್ವಲ್ಪ ಕಾದರೆ ಸುಲಭಾಳೂ ಅಲ್ಲೇ ದಾಟಬೇಕು. ಹೋಗಿ ನೋಡಲೇ ಎಂದು ಒಂದು ಕ್ಷಣ ಅನ್ನಿಸಿತು. ಕಳ್ಳನಾದವನು ಆಸೆಬುರುಕನಾಗಬಾರದು ಎಂದು ಬಂದ ದಾರಿಯಲ್ಲೇ ನಡೆದ, ಫೋನನ್ನು ಜೇಬಿಗಿಳಿಸಿ. ಚುಕ್ಕಿಯ ಕೆಲಸ ಮುಗಿದಿತ್ತು.

ಮಧ್ಯಾಹ್ನ ಕಿಟಕಿ ಬಾಗಿಲು ಮುಚ್ಚಿ, ಗ್ರಾಮಾಫೋನಿಗೆ ಕೀಲಿ ಕೊಟ್ಟು, ಅವನು ಭೈರವಿ ಕೇಳಿದ. ಮೂರೇ ನಿಮಿಷದ ಹಾಡು. ಕೊನೆಯಲ್ಲಿ, ಆ ಕಾಲದ ಗಾಯಕಿಯರಂತೆ, ಚಂದ್ರಭಾಗಾಬಾಯಿ ನಕ್ಕು ತಮ್ಮ ಹೆಸರು ಹೇಳಿದರು. ರಣದಿವೆ ಎದ್ದುನಿಂತು ತನ್ನ ಹೆಸರನ್ನೂ ಹೇಳಿಕೊಂಡ.

ಸಂಜೆ ಗಡ್ಡ ಹೆರೆದು, ಒಗೆದ ಜುಬ್ಬಾ ತೊಟ್ಟು, ಹೂಮಾಲೆಯೊಡನೆ ಕೋಠಾರೆ ಮನೆಗೆ ಹೋದ. ಸುಲಭಾ ಕಾಲನ್ನು ಸ್ಟೂಲಿನ ಮೇಲಿಟ್ಟು, ಮಂಡಿಗೆ ಮಂಜುಗಡ್ಡೆ ಕಟ್ಟಿಕೊಂಡು ಕೂತಿದ್ದಳು. ಅಷ್ಟು ಓಡಿದವರು ಇನ್ನು ಹೇಗೆ ಕೂರುತ್ತಾರೆ? ಆದರೆ ಓಟದ ಸುದ್ದಿಯನ್ನು ಯಾರೂ ಎತ್ತಿರಲಿಲ್ಲ. ಎಲ್ಲರ ಕಣ್ಣೂ ಬರಿದಾದ ಗೋಡೆಯ ಮೇಲಿತ್ತು.

"ಕದ್ದವನಿಗೆ ಹಾಡಿನ ಹುಚ್ಚು ಇರಬೇಕು," ಎಂದರು ಪೆರಿನ್‌ಬಾಯಿ, ಚಹಾ ಆರಿಸಿಕೊಳ್ಳುತ್ತ. "ಬೆಳ್ಳಿ ಬಟ್ಟಲು ಮುಟ್ಟಿಲ್ಲ, ಟೀವಿ ಮುಟ್ಟಿಲ್ಲ. ನೀನೇ ಅಲ್ವೇನೋ ಡೀಕ್ರಾ?"

ಕಾದಿದ್ದ ಪ್ರಶ್ನೆ. ರಣದಿವೆ ನಗಲೂ ಇಲ್ಲ, ಸಿಡುಕಲೂ ಇಲ್ಲ.

"ನನಗೂ ಅದೇ ಭಯ ಮಾವ್ಶಿ, ಎಲ್ಲರೂ ನನ್ನನ್ನೇ ಅಂತಾರೆ ಅಂತ. ಪುಣ್ಯಕ್ಕೆ ಬೆಳಗ್ಗೆಯೆಲ್ಲ ಮಾಹೀಮಿನಲ್ಲಿ ಬೆವರು ಸುರಿಸ್ತಾ ನಿಂತಿದ್ದೆ. ರಸ್ತೆ ಬಂದ್, ಈ ಕಡೆ ಬರೋಣ ಅಂದ್ರೂ ಟ್ಯಾಕ್ಸಿ ಇಲ್ಲ." ಅವನು ಸುಲಭಾಳ ಕಡೆ ತಿರುಗಿದ. "ಅದು ಹಾಗಿರಲಿ ವಹಿನಿ, ನೀವು ಮಾತ್ರ ತಿರುಗಿ ಕೂಡ ನೋಡಲಿಲ್ಲ. ಪೊಲೀಸ್ ಬ್ಯಾಂಡಿನ ಪಕ್ಕದಲ್ಲೇ ಇದ್ದೆ. ಎರಡು ಮಾರು ದೂರ. ಆ ನಗು ನೋಡಿ ಕಣ್ಣು ತುಂಬಿ ಬಂತು."

"ನನ್ನನ್ನೇ ನೋಡಿದ್ರಾ ಭಾವೋಜಿ?"

"ಈ ಕಣ್ಣಿಂದ. ಹೊತ್ತು ಬೇಕಾದ್ರೆ ಮೆಸೇಜಿನಲ್ಲೇ ಇದೆ."

ಸುಲಭಾ ಮಂಜುಗಡ್ಡೆಯನ್ನು ಮಂಡಿಯ ಇನ್ನೊಂದು ಬದಿಗೆ ಸರಿಸಿಕೊಂಡಳು. "ನಾನು ಸೇತುವೆ ಹತ್ತಲೇ ಇಲ್ಲ ಭಾವೋಜಿ," ಎಂದಳು, ಮೆಲ್ಲಗೆ, ಅವನಿಗಾಗಿ ತಾನೇ ನಾಚಿದವಳಂತೆ. "ವರ್ಳಿಯಲ್ಲೇ ಮಂಡಿ ಹಿಡ್ಕೊಂಡ್ತು. ನಿಮ್ಮ ಮೆಸೇಜು ಬರೋ ಹೊತ್ತಿಗೆ ಡಾಕ್ಟರ ಡೇರೆಯಲ್ಲಿ ಮಲಗಿದ್ದೆ." ಅಜಿತ್ ಎದ್ದು ಬಂದು ಅವನ ಪಕ್ಕದಲ್ಲೇ ಕೂತ. "ಡೇರೆಯಿಂದ ನನಗೆ ಆಗಲೇ ಫೋನ್ ಬಂದಿತ್ತು. ನೀವು ಎದ್ದೇ ಇಲ್ಲ, ಹಾಸಿಗೆಯಿಂದಲೇ ಬುರುಡೆ ಬಿಡ್ತಿದೀರಿ ಅಂದ್ಕೊಂಡು ನಕ್ಕು ಸುಮ್ಮನಾದೆ. ಮನೆಗೆ ಬಂದು ಗೋಡೆ ನೋಡೋವರೆಗೂ." ರಣದಿವೆಗೆ ಬಾಯಲ್ಲಿ ಬಂದದ್ದು ಒಂದೇ ಮಾತು: ಚುಕ್ಕಿ ಓಡುತ್ತಿತ್ತಲ್ಲ. "ಓಡುತ್ತೆ," ಎಂದ ಅಜಿತ್. "ಓಟಗಾರರ ನಂಬರು ಗುರುತಿಸೋಕೆ ರಸ್ತೆಗೆ ಅಲ್ಲಲ್ಲಿ ಚಾಪೆ ಹಾಸಿರ್ತಾರೆ. ಅದನ್ನು ತುಳಿದಾಗ ಮಾತ್ರ ಅವಳೆಲ್ಲಿದಾಳೆ ಅಂತ ಅದಕ್ಕೆ ಗೊತ್ತಾಗೋದು. ಮುಂದಿನ ಚಾಪೆ ಬರೋವರೆಗೂ, ಹಿಂದೆ ಓಡಿದ ವೇಗದಲ್ಲೇ ಓಡ್ತಿರಬೇಕು ಅಂತ ಅಂದಾಜಿನ ಮೇಲೆ ಓಡಿಸ್ತಿರುತ್ತೆ. ವರ್ಳಿ ಬಿಟ್ರೆ ಮುಂದಿನ ಚಾಪೆ ಇದ್ದದ್ದು ಪ್ರಭಾದೇವಿಯಲ್ಲಿ." ಪೆರಿನ್‌ಬಾಯಿ ಬಟ್ಟಲನ್ನು ಸದ್ದಿಲ್ಲದೆ ಕೆಳಗಿಟ್ಟರು. ರಣದಿವೆ ಜೇಬಿನಿಂದ ಫೋನು ತೆಗೆದು, ಬೆಳಗಿನಿಂದ ಮೊದಲ ಬಾರಿಗೆ, ನಕ್ಷೆ ತೆರೆದ. ಮಾಹೀಮಿನಲ್ಲಿ ಅವನ ಮುಂದೆ ನಗುತ್ತ ಓಡಿಹೋಗಿದ್ದ ನೀಲಿ ಚುಕ್ಕಿ ಪ್ರಭಾದೇವಿಯ ತಿರುವಿನಲ್ಲಿ, ಬಾರದ ಕಾಲಿಗಾಗಿ ಕಾಯುತ್ತ, ಇನ್ನೂ ಅಲ್ಲೇ ನಿಂತಿತ್ತು.