ಗ್ಲಿಟರ್ ಹಚ್ಚಿದ ಚೆಕ್ಕು

"ಏಯ್, ಅದರ ಮೇಲೆ ಹತ್ತಿಸಬೇಡ ಕಣೋ! ಗ್ಲಿಟರ್ ಎಲ್ಲಾ ಉದುರುತ್ತೆ!" ಟಾಬಿತಾ ಸೈಕಲ್ಲನ್ನು ರಸ್ತೆಯಲ್ಲೇ ಬೀಳಿಸಿ ಓಡಿದಳು.

ಓರೆನ್ ಕೇಳಿಸಿಕೊಳ್ಳಲಿಲ್ಲ. ಮನೆಯ ಮುಂದಿನ ಮೆಟ್ಟಿಲುಗಳ ಮೇಲೆ ಅವನು ಬಾಗಿಲಿನಷ್ಟು ಉದ್ದದ ರಟ್ಟಿನ ಚೆಕ್ಕನ್ನು ಹಾಸಿದ್ದ. ಮೇಲಿನ ತುದಿಯಲ್ಲಿ ಅವನ ಅಮ್ಮನ ವೀಲ್‌ಚೇರ್ ನಿಂತಿತ್ತು. ಅದರಲ್ಲಿ ಅಮ್ಮ ಇರಲಿಲ್ಲ, ಪುಣ್ಯ. ಒಂದು ಮೂಟೆ ಆಲೂಗಡ್ಡೆ ಇತ್ತು.

"ಟೆಸ್ಟಿಂಗ್!" ಎಂದವನೇ ತಳ್ಳಿಬಿಟ್ಟ.

ರಟ್ಟು ನಡುವೆ ಪಟ್ಟನೆ ಮಡಚಿಕೊಂಡಿತು. ವೀಲ್‌ಚೇರ್ ಪಲ್ಟಿ ಹೊಡೆಯಿತು. ಆಲೂಗಡ್ಡೆಗಳು ಉರುಳುತ್ತಾ ರಸ್ತೆ ಸೇರಿದವು.

ಈ ಚೆಕ್ಕಿನ ಕತೆ ಹೇಳಲು ನನಗೆ ಸ್ವಲ್ಪ ನಾಚಿಕೆಯೇ. ಆದರೂ ಹೇಳುತ್ತೇನೆ.

ಹೋದ ಮಾರ್ಚಿನಲ್ಲಿ ನಮ್ಮ ಟಿಲ್ಲರ್ಸ್‌ಬೆಂಡ್ ಊರಿನ ದಿನಸಿ ಅಂಗಡಿಗೆ ಒಬ್ಬ ಬಂದೂಕು ಹಿಡಿದು ನುಗ್ಗಿದ. ಆ ದಿನದ ಬಗ್ಗೆ ನಮ್ಮಲ್ಲಿ ಈಗಲೂ ಯಾರೂ ಜೋರಾಗಿ ಮಾತಾಡುವುದಿಲ್ಲ. ಕೆಲವರು ಮನೆಗೆ ವಾಪಸ್ ಬರಲೇ ಇಲ್ಲ. ಓರೆನ್‌ನ ಅಮ್ಮ ಡೆಲ್ಲಾ ಬಂದರು, ಆದರೆ ಅವರಿಗೆ ನಡೆಯಲು ಆಗುತ್ತಿರಲಿಲ್ಲ.

ದುಃಖ ಬಂದರೆ ನಮ್ಮೂರಿನವರಿಗೆ ಮೊದಲು ಹೊಳೆಯುವುದು ಪ್ಯಾನ್‌ಕೇಕ್. ಊರಿನ ಸಭೆ-ಸಮಾರಂಭಗಳೆಲ್ಲ ನಡೆಯುವ ಫೈರ್ ಸ್ಟೇಷನ್ನಿನಲ್ಲಿ ಒಲೆ ಹಚ್ಚಿದೆವು. ತಿಂದವರು ಡಬ್ಬಿಗೆ ದುಡ್ಡು ಹಾಕಬೇಕು, ಅದು ಆ ದಿನ ಪೆಟ್ಟು ತಿಂದ ಮನೆಗಳಿಗೆ ಹೋಗಬೇಕು. ಊರಿಗೆ ಊರೇ ಬಂತು. ನಾನಂತೂ ಪರರ ಕಷ್ಟಕ್ಕೆ ಮರುಗಿ ಮರುಗಿ ಮತ್ತೆ ಮತ್ತೆ ಬಡಿಸಿಕೊಂಡೆ.

ಕೊನೆಗೆ ದೊಡ್ಡ ಚೆಕ್ಕು. ನಮ್ಮ ಕಡೆ ದಾನ ಕೊಟ್ಟರೆ ಇಷ್ಟುದ್ದದ ರಟ್ಟಿನ ಚೆಕ್ಕು ಬೇಕೇ ಬೇಕು. ಇಲ್ಲದಿದ್ದರೆ ಫೋಟೋದಲ್ಲಿ ಕಾಣುವುದಿಲ್ಲವಲ್ಲ! ಅದನ್ನು ಬರೆದು ಸೊನ್ನೆಗಳಿಗೆಲ್ಲ ಗ್ಲಿಟರ್ ಹಚ್ಚಿದ್ದು ಟಾಬಿತಾ. ಎಲ್ಲ ಮನೆಗಳ ಪರವಾಗಿ ಬಂದ ಓರೆನ್ ಜೊತೆ ಅದನ್ನು ಹಿಡಿದು ಹಲ್ಲು ಕಿರಿದದ್ದೂ ಅವಳೇ. ಪೇಪರಿನಲ್ಲಿ ಬಂದ ಆ ಫೋಟೋವನ್ನು ಫ್ರಿಜ್ಜಿಗೆ ಅಂಟಿಸಿದಳು. ಕ್ಲಾಸಿಗೂ ಒಯ್ದಳು. ಟೀಚರ್ ಸರಿಯಾಗಿ ನೋಡಲಿಲ್ಲ ಅನಿಸಿ ಮರುದಿನ ಇನ್ನೊಮ್ಮೆ ಒಯ್ದಳು.

ಈಗ ಅವಳು ಆಲೂಗಡ್ಡೆ ಆರಿಸುತ್ತಾ ಗೊಣಗಿದಳು. "ರಟ್ಟಿನ ಮೇಲೆ ಯಾರಾದ್ರೂ ಇಳಿಸ್ತಾರೇನೋ? ಮರದ ರ‍್ಯಾಂಪ್ ಮಾಡಿಸಿ. ದುಡ್ಡು ಕೊಟ್ವಲ್ಲ!"

"ಎಲ್ಲಿ ಕೊಟ್ರಿ?"

"ಎಲ್ಲಿ ಅಂದ್ರೆ? ಇದೇ!" ಅವಳು ರಟ್ಟು ತೋರಿಸಿದಳು.

"ಲೇ, ಇದನ್ನ ಬ್ಯಾಂಕಿಗೆ ಒಯ್ದರೆ ಬಾಗಿಲಲ್ಲೇ ನಗ್ತಾರೆ ಕಣೇ. ನಿಜವಾದ ಚೆಕ್ಕು ಆಮೇಲೆ ಬರುತ್ತೆ ಅಂದಿದ್ರು. ಬೇಸಿಗೆ ರಜೆ ಮುಗಿದು ಸ್ಕೂಲೂ ಶುರುವಾಯ್ತು. ಬಂದಿಲ್ಲ."

"ಕೇಳಬಾರ್ದಿತ್ತಾ?"

"ಅಮ್ಮ ಬೇಡ ಅಂತಾಳೆ. ಕೊಡೋರ ಹತ್ರ ಯಾವಾಗ ಕೊಡ್ತೀರಾ ಅಂತ ಹ್ಯಾಗೋ ಕೇಳೋದು ಅಂತಾಳೆ."

ಕಿಟಕಿಯಿಂದ ಡೆಲ್ಲಾ ಇಣುಕಿದರು. "ಆಲೂಗಡ್ಡೆಗೆ ಪೆಟ್ಟಾಯ್ತೇನ್ರೋ? ಆಸ್ಪತ್ರೆಗೆ ಸೇರಿಸ್ಬೇಕಾ?"

ಅವರು ನಕ್ಕರು. ನಕ್ಕಾದ ಮೇಲೆ ಅವರ ಕಣ್ಣು ರಸ್ತೆ ಬದಿಯಲ್ಲಿದ್ದ ತಮ್ಮ ಮನೆಯ ಟಪಾಲು ಡಬ್ಬಿಯ ಮೇಲೆ ಹೋಯಿತು. ಮೊದಲು ದಿನಾ ಚಪ್ಪಲಿ ಎಳೆಯುತ್ತಾ ಅಲ್ಲಿಗೆ ಹೋಗಿ ತಾವೇ ಟಪಾಲು ತರುತ್ತಿದ್ದರು. ಈಗ ಹೊರಗೆ ಬರಬೇಕಾದರೆ ಇಬ್ಬರು ಎತ್ತಿ ಇಳಿಸಬೇಕು. "ನಾನೇನು ಸೋಫಾನಾ?" ಎಂದು ಅವರು ಹೊರಗೆ ಬರುವುದನ್ನೇ ಬಿಟ್ಟಿದ್ದರು.

ಫ್ರಿಜ್ಜಿನ ಮೇಲಿನ ಫೋಟೋ ನೆನಪಾಗಿ ಟಾಬಿತಾಳಿಗೆ ತುಂಬಾ ನಾಚಿಕೆಯಾಯಿತು.

"ಇದನ್ನ ತಗೊಂಡು ಹೋಗ್ಲಾ?" ಎಂದು ಓರೆನ್‌ನನ್ನು ಕೇಳಿದಳು.

"ತಗೊಂಡು ಹೋಗು. ವಾಪಸ್ ತಾ, ಮತ್ತೆ. ನಮ್ಮ ಬೆಕ್ಕು ಮಲಗೋದು ಅದರ ಮೇಲೇನೇ."

ಅಂದು ಸಂಜೆ ಫೈರ್ ಸ್ಟೇಷನ್ನಿನಲ್ಲಿ ಕಮಿಟಿ ಸಭೆ ಇತ್ತು. ಟಾಬಿತಾಳ ಅಜ್ಜಿ ಮೇವಿಸ್ ಅಧ್ಯಕ್ಷೆ. ಹಾರ್ಲನ್ ಅಂಕಲ್ ಖಜಾಂಚಿ. ನಾನೂ ಸದಸ್ಯ. ಡೋನಟ್ ಪೆಟ್ಟಿಗೆಯ ಹತ್ತಿರ ಕೂರುವುದು ನನ್ನ ಜವಾಬ್ದಾರಿ. ಪಾರ್ಕಿನಲ್ಲಿ ನೆನಪಿಗೊಂದು ಕಲ್ಲು ಬೆಂಚು ಹಾಕಿಸಿ, ಪ್ಯಾನ್‌ಕೇಕ್ ಮಾಡಿದವರ ಹೆಸರು ಕೆತ್ತಿಸುವ ಚರ್ಚೆ ನಡೆದಿತ್ತು. ಹಿಟ್ಟು ಕಲಸಿದವರ ಹೆಸರು ಮೊದಲೋ, ಮಗುಚಿದವರದೋ? ಹಿಂದಿನ ಸಭೆಯಲ್ಲೂ ಇದೇ ಜಗಳ. ಹೆಸರುಗಳಲ್ಲಿ ಟಾಬಿತಾಳದ್ದೂ ಇತ್ತು. ಅಜ್ಜಿಯ ಬೆನ್ನು ಬಿದ್ದು ಅವಳೇ ಸೇರಿಸಿಕೊಂಡಿದ್ದಳು.

ಚೆಕ್ಕು ಬಾಗಿಲಲ್ಲಿ ಸಿಕ್ಕಿಕೊಂಡಿತು. ಟಾಬಿತಾ ಅದನ್ನು ಓರೆ ಮಾಡಿ ಒಳಗೆ ಎಳೆದು, ಸೀದಾ ಮೇಜಿನ ಮೇಲೆ ಹಾಕಿದಳು.

"ಇದೇನೇ ಇದು? ಚಕ್ರದ ಗುರುತು ಯಾಕಿದೆ?" ಎಂದರು ಅಜ್ಜಿ.

"ಅಜ್ಜಿ, ಓರೆನ್ ಮನೆಗೆ ನಿಜವಾದ ಚೆಕ್ಕು ಹೋಗ್ಲೇ ಇಲ್ಲ."

"ಹೋಗದೆ ಏನು? ಕೊಟ್ಟಾಯ್ತಲ್ಲೇ! ಫೋಟೋನೇ ಬಂದಿದೆ..." ಅಜ್ಜಿ ಅಲ್ಲಿಗೇ ನಿಲ್ಲಿಸಿದರು. "ಹಾರ್ಲನ್, ನೀನು ಕಳಿಸಿದೆ ತಾನೇ?"

"ನಾನಾ? ಯಾವ ಮನೆಗೆ ಎಷ್ಟು ಅಂತ ನೀವು ಹೇಳ್ತೀರಿ ಅಂತ ಕಾಯ್ತಾ ಇದ್ದೆ. ನೀವು ಬೆಂಚು ಬೆಂಚು ಅಂತಿದ್ರಿ."

"ಹಾಗಾದ್ರೆ ದುಡ್ಡು?"

"ಬ್ಯಾಂಕಲ್ಲಿ ಆರಾಮಾಗಿದೆ."

ಯಾರೂ ಕದ್ದಿರಲಿಲ್ಲ. ಕದ್ದಿದ್ದರೆ ಕಳ್ಳನನ್ನು ಬೈದು ನಾವೆಲ್ಲ ಒಳ್ಳೆಯವರಾಗಿಬಿಡುತ್ತಿದ್ದೆವು.

"ಬೆಂಚಿಗೆ ದುಡ್ಡು ಎಲ್ಲಿಂದ ಅಂಕಲ್?" ಟಾಬಿತಾ ಕೇಳಿದಳು.

ಹಾರ್ಲನ್ ಅಂಕಲ್ ಕೆಮ್ಮಿದರು. "ಅದೂ... ಅದರಲ್ಲೇ ಸ್ವಲ್ಪ..."

"ಡೆಲ್ಲಾ ಆಂಟಿಗೆ ಬೆಂಚು ಯಾಕೆ? ಅವರು ಆಗ್ಲೇ ಕೂತೇ ಇದ್ದಾರಲ್ಲ."

ಡೋನಟ್ಟಿಗೆ ಚಾಚಿದ್ದ ಕೈಯನ್ನು ನಾನು ಮೆಲ್ಲಗೆ ಹಿಂದೆ ತೆಗೆದುಕೊಂಡೆ.

ಟಾಬಿತಾ ಪೆನ್ಸಿಲ್ ಎತ್ತಿಕೊಂಡು ಬೆಂಚಿನ ಹಾಳೆಯಲ್ಲಿ ತನ್ನ ಹೆಸರು ಹೊಡೆದು ಹಾಕಿದಳು. ಅಜ್ಜಿ ಮೊಮ್ಮಗಳನ್ನೇ ನೋಡಿದರು. ಆಮೇಲೆ ಅದೇ ಪೆನ್ಸಿಲ್ ಇಸಿದುಕೊಂಡು ಇಡೀ ಹಾಳೆಗೆ ಅಡ್ಡಗೆರೆ ಎಳೆದರು. ಹಾಳೆಯ ಹಿಂಬದಿಯಲ್ಲಿ ಯಾವ ಮನೆಗೆ ಎಷ್ಟು ಎಂದು ಬರೆಯತೊಡಗಿದರು. ಮರುದಿನ ಅದು ಫೈರ್ ಸ್ಟೇಷನ್ ಬಾಗಿಲ ಮೇಲಿತ್ತು, ಯಾರು ಬೇಕಾದರೂ ಓದಲಿ ಎಂದು. ಅಜ್ಜಿ ಮತ್ತು ಹಾರ್ಲನ್ ಅಂಕಲ್ ಲಕೋಟೆ ಹಿಡಿದು ಮನೆಮನೆಗೂ ಹೋದರು. "ತಡವಾಯ್ತು, ತಪ್ಪು ನಮ್ಮದೇ" ಎಂದು ಬಾಯಿಬಿಟ್ಟು ಹೇಳಿದರು.

ರ‍್ಯಾಂಪ್ ಮುಗಿದ ದಿನ ಪೇಪರಿನ ಫೋಟೋದವರು ಬಂದರು. "ಆ ದೊಡ್ಡ ಚೆಕ್ಕು ಎಲ್ಲಿ? ಹಿಡ್ಕೊಂಡು ನಿಂತ್ಕೊಳ್ಳಿ ಮಕ್ಕಳೇ."

"ಆಗಲ್ಲ ಸರ್," ಎಂದ ಓರೆನ್. "ಬೆಕ್ಕು ಮಲಗಿದೆ."

"ಹಾಗಾದ್ರೆ ನೀನಾದ್ರೂ ಬಾ ಪುಟ್ಟಿ, ಡೆಲ್ಲಾ ಅವರ ಪಕ್ಕದಲ್ಲಿ ನಿಂತ್ಕೋ."

ಟಾಬಿತಾಳ ಕೈ ತಾನಾಗಿ ಕೂದಲು ಸರಿಮಾಡಿಕೊಳ್ಳಲು ಹೋಯಿತು. ಅಷ್ಟರಲ್ಲಿ ಬಾಗಿಲು ತೆರೆಯಿತು. ಅವಳು ತಲೆಯಾಡಿಸಿ, ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಡೆಲ್ಲಾ ಯಾರ ಕಡೆಗೂ ನೋಡಲಿಲ್ಲ. ಚಕ್ರಗಳನ್ನು ತಾವೇ ಹಿಡಿದು ನಿಧಾನವಾಗಿ ಇಳಿದರು. ಸೀದಾ ಟಪಾಲು ಡಬ್ಬಿಯ ತನಕ ಹೋಗಿ ಮುಚ್ಚಳ ತೆಗೆದು ಕೈ ಹಾಕಿದರು.

"ಥೂ, ಬರೀ ಪಿಜ್ಜಾ ಕೂಪನ್ನು!" ಎಂದು ಬಾಯ್ತುಂಬ ನಕ್ಕರು.

ಟಾಬಿತಾ ಚಪ್ಪಾಳೆ ಹೊಡೆಯಲು ಕೈ ಎತ್ತಿದ್ದಳು. ಆದರೆ ಅವರು ತಮ್ಮ ಮನೆಯ ಟಪಾಲು ತಾವು ತಗೊಳ್ಳುತ್ತಿದ್ದಾರೆ, ಅಷ್ಟೇ. ಅವಳು ಎರಡೂ ಕೈಗಳನ್ನು ಜೇಬಿಗೆ ಹಾಕಿಕೊಂಡಳು.