ಹಳೆಯ ಪೆಟ್ಟಿಗೆಯ ಪರಕಾಯ ಪ್ರವೇಶ

ಯುದ್ಧದ ನಟ್ಟನಡುವೆ ಅವನು ಕಲ್ಲಾಗಿಬಿಡುತ್ತಿದ್ದ. ಕೋಟೆಯ ಬಾಗಿಲು ಮುರಿದು ಎಲ್ಲರೂ ಒಳಗೆ ನುಗ್ಗುವ ಹೊತ್ತಿಗೆ ಸರಿಯಾಗಿ ಅವನ ಕಂಪ್ಯೂಟರ್ ನಿಟ್ಟುಸಿರೊಂದನ್ನು ಬಿಟ್ಟು ನಿಂತುಹೋಗುತ್ತಿತ್ತು. ಪರದೆಯ ಮೇಲಿನ ಅವನ ವೀರ ಎತ್ತಿದ ಕತ್ತಿ ಎತ್ತಿದಂತೆ, ಇಟ್ಟ ಕಾಲು ಇಟ್ಟಂತೆ. ಮತ್ತೆ ಜೀವ ಬರುವಷ್ಟರಲ್ಲಿ ಯಾರೋ ಬಂದು ತಲೆ ತೆಗೆದಿರುತ್ತಿದ್ದರು. ಹೆಂಡತಿಯ ತಮ್ಮ ತನ್ನ ಮನೆಯಲ್ಲಿ ಕೂತು ಅದೇ ಆಟ ಆಡುತ್ತ, ಹೆಡ್‌ಫೋನಿನಲ್ಲಿ ಕಿಸಕ್ಕನೆ ನಗುತ್ತಿದ್ದ.

"ಭಾವ, ನೀವು ಆಡೋಕೆ ಬರ್ತೀರೋ, ಪ್ರತಿಷ್ಠಾಪನೆ ಆಗೋಕೆ ಬರ್ತೀರೋ?"

ಅಂದಿನಿಂದ ತಂಡದಲ್ಲಿ ಅವನ ಹೆಸರು ವಿಗ್ರಹ.

ಹೆಂಡತಿಗೂ ಸಾಕಾಗಿತ್ತು. "ಒಂದೋ ಒಳಗಿನ ಸಾಮಾನು ಬದಲಾಯಿಸಿ, ಇಲ್ಲಾ ಇಡೀ ಪೆಟ್ಟಿಗೇನೇ ಬದಲಾಯಿಸಿ. ಎರಡೂ ಆಗಲ್ಲ ಅಂದ್ರೆ ಆಟ ಬಿಡಿ. ದಿನಾ ಈ ಗೊಣಗಾಟ ಕೇಳೋಕೆ ನನ್ನ ಕೈಲಾಗಲ್ಲ ರೀ."

ಅವನು ಎರಡನ್ನೂ ತೂಗಿ ನೋಡಿದ್ದ. ಒಳಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಒಂದನ್ನೇ ಹಾಕಿದರೆ ಹಳೆಯ ಬೋರ್ಡು ತಾಳುವುದಿಲ್ಲ. ಬೋರ್ಡು ಬದಲಿಸಿದರೆ ಪ್ರೊಸೆಸರ್ ಒಗ್ಗುವುದಿಲ್ಲ. ಮುದಿ ಎತ್ತಿನ ಒಂದು ಕಾಲಿಗೆ ಲಾಳ ಹೊಡೆಸಿದರೆ ಉಳಿದ ಮೂರು ಕಾಲು ಸುಮ್ಮನಿರುತ್ತವೆಯೇ? ಇನ್ನು ಪೂರ್ತಿ ಹೊಸದೆಂದರೆ ಮನೆಯ ಉಳಿತಾಯವೆಲ್ಲ ಸ್ವಾಹಾ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅಂಥ ಮೂರನೆಯ ದಾರಿ ಅವನಿಗೆ ಕಚೇರಿಯಲ್ಲಿ, ಊಟದ ಬಿಡುವಿನಲ್ಲಿ ಹೊಳೆಯಿತು.

ಅದು ಕಟ್ಟಡಗಳ ನಕ್ಷೆ ಬರೆಯುವ ಕಚೇರಿ. ಅಲ್ಲಿನ ಕಂಪ್ಯೂಟರುಗಳ ಆರೈಕೆಯೆಲ್ಲ ಅವನದು. ಎಲ್ಲಕ್ಕಿಂತ ಬಲಶಾಲಿಯಾದ ಯಂತ್ರವಿದ್ದದ್ದು ಕಚೇರಿಯ ಒಡೆಯರ, ಅಂದರೆ ಎಲ್ಲರೂ ದೊಡ್ಡವರು ಎಂದು ಕರೆಯುವ ವಾಸ್ತುಶಿಲ್ಪಿಯ ಮೇಜಿನ ಕೆಳಗೆ. ಇಡೀ ಕಟ್ಟಡವನ್ನು ಪರದೆಯ ಮೇಲೆ ಬುಗುರಿಯಂತೆ ತಿರುಗಿಸಬಲ್ಲ ಯಂತ್ರ. ದೊಡ್ಡವರೋ, ನಕ್ಷೆಯನ್ನು ಪೆನ್ಸಿಲ್ಲಿನಲ್ಲಿ ಬರೆಯುವವರು. ಆ ಯಂತ್ರದಲ್ಲಿ ಪತ್ರ ಓದುತ್ತಿದ್ದರು, ಊಟವಾದ ಮೇಲೆ ಒಬ್ಬರೇ ಇಸ್ಪೀಟು ಆಡುತ್ತಿದ್ದರು. ಐರಾವತವನ್ನು ತಂದು ಹುಲ್ಲಿನ ಹೊರೆ ಹೊರಿಸಿದಂತೆ. ಅದನ್ನು ಬಿಡಿಸುವುದು ಕಳ್ಳತನ ಹೇಗಾದೀತು? ವಿಮೋಚನೆ ಎನ್ನಬೇಕು.

ಸಿಕ್ಕಿಬೀಳುವವರು ಏಕೆ ಸಿಕ್ಕಿಬೀಳುತ್ತಾರೆಂದು ಅವನು ಯೋಚಿಸಿದ. ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋಗುತ್ತಾರೆ, ದಡ್ಡರು. ಜಗತ್ತು ಕೈಮುಗಿಯುವುದು ಬಹಿರಂಗಕ್ಕೆ. ಅಂತರಂಗವನ್ನು ಬಿಚ್ಚಿ ನೋಡುವ ಸ್ಕ್ರೂಡ್ರೈವರ್ ಕಚೇರಿಯಲ್ಲಿ ಒಂದೇ ಇತ್ತು, ಅದೂ ಅವನ ಜೇಬಿನಲ್ಲಿ. ಎರಡು ಪೆಟ್ಟಿಗೆಗಳೂ ಇದ್ದಲ್ಲೇ ಇರಲಿ. ಪ್ರಾಣ ಮಾತ್ರ ಅತ್ತಿಂದಿತ್ತ ಹೋಗಲಿ.

ದೊಡ್ಡವರು ಕಟ್ಟಡ ನೋಡಲು ಹೋದಾಗಲೆಲ್ಲ ಅವನು ಊಟ ಬಿಟ್ಟು ಅವರ ಕೋಣೆಗೆ ಹೋದ. "ಧೂಳು ತೆಗೀತಿದೀನಿ" ಎಂದರೆ ಕೇಳುವವರಿಲ್ಲ. ಬೆಳಗ್ಗೆ ಊಟದ ಚೀಲದಲ್ಲಿ ಮನೆಯಿಂದ ಹಳೆಯ ಭಾಗ ಬರುತ್ತಿತ್ತು, ಸಂಜೆ ಅದೇ ಚೀಲದಲ್ಲಿ ಹೊಸ ಭಾಗ ಹೋಗುತ್ತಿತ್ತು. ಮೊದಲು ಗ್ರಾಫಿಕ್ಸ್ ಕಾರ್ಡ್, ಕೊನೆಗೆ ಒಟ್ಟಿಗೆ ಬೋರ್ಡು, ಪ್ರೊಸೆಸರ್, ಮೆಮೊರಿ. ಕಚೇರಿಯ ಎಣಿಕೆಗೆಂದು ಅಂಟಿಸಿದ್ದ ಗುರುತಿನ ಚೀಟಿಗಳನ್ನು ಬಿಸಿಗಾಳಿ ಊದಿ, ಸುಕ್ಕಾಗದಂತೆ ಬಿಡಿಸಿ, ತನ್ನ ಹಳೆಯ ಭಾಗಗಳ ಮೇಲೆ ಅಂಟಿಸಿದ. ಹೊಸ ಮೆಮೊರಿಯ ಬಣ್ಣದ ಬೆಳಕು ಮನೆಯ ಪೆಟ್ಟಿಗೆಯ ಸಂದಿಯಿಂದ ಇಣುಕದಿರಲೆಂದು ಕಪ್ಪು ಟೇಪು ಸುತ್ತಿದ. ದೊಡ್ಡವರ ಪತ್ರಗಳಿದ್ದ ಡಿಸ್ಕನ್ನು ಮಾತ್ರ ಮುಟ್ಟಲಿಲ್ಲ. ಪರರ ಪತ್ರ ಓದುವುದು ಪಾಪ. ಅಷ್ಟು ನೀತಿ ಅವನಿಗಿತ್ತು.

ಒಮ್ಮೆ ಅರ್ಧ ಕೆಲಸದಲ್ಲಿ ದೊಡ್ಡವರು ಅತಿಥಿಯೊಬ್ಬರ ಜೊತೆ ಬಂದೇಬಿಟ್ಟರು. ಅವನು ಮೇಜಿನ ಕೆಳಗೇ ಉಳಿದ. ಮೇಲೆ ದೊಡ್ಡವರು ಎಂದಿನ ಮಾತು ಶುರುಮಾಡಿದರು. "ನನ್ನದು ಅಂತ ಆದದ್ದಕ್ಕೆಲ್ಲ ನನ್ನ ಸಹಿ ಇರತ್ತೆ. ಮೆಟ್ಟಿಲ ಕೆಳಗೋ, ಕಂಬದ ಹಿಂದೋ. ಕಪ್ಪು ಕಲ್ಲಿಗೆ ಕಪ್ಪು ಶಾಯಿ. ಬೆಳಕು ಓರೆಯಾಗಿ ಬಿದ್ರೆ ಮಾತ್ರ ಕಾಣಬೇಕು. ಹುಡುಕಿದೋರಿಗಷ್ಟೇ ಸಿಗಬೇಕು." ಬಾಯಿಪಾಠವಾದ ಪದ್ಯಕ್ಕೆ ಕಿವಿ ಕೊಡುವವರಾರು? ಅವನು ಕೆಳಗೆ ಕೂತು ಕೊನೆಯ ಸ್ಕ್ರೂ ಬಿಗಿಸಿದ.

ಮನೆಯಲ್ಲಿ ಹಳೆಯ ಪೆಟ್ಟಿಗೆ ಈಗ ಗಾಳಿಯಂತೆ ಓಡುತ್ತಿತ್ತು. ವಿಗ್ರಹ ಕಣ್ಣು ಬಿಟ್ಟಿತು, ಕತ್ತಿ ಬೀಸಿತು, ಭಾವಮೈದುನನ ತಲೆಯನ್ನೇ ಮೊದಲು ಉರುಳಿಸಿತು. "ಇದೇನು ಭಾವ, ಯಾರಾದ್ರೂ ಶಾಪವಿಮೋಚನೆ ಮಾಡಿದ್ರಾ?" ಎಂದ ಅವನು.

ಆದರೆ ಅಪರಾಧಿಯನ್ನು ಹಿಡಿದುಕೊಡುವುದು ಮುಖದ ಮೇಲಿನ ಕಳೆ. ಅದೂ ಅವನಿಗೆ ಗೊತ್ತಿತ್ತು. ಹೆಂಡತಿಯ ಮುಂದೆ ಅವನು ಗೊಣಗಾಟ ನಿಲ್ಲಿಸಲಿಲ್ಲ. ಎರಡು ಪಟ್ಟು ಮಾಡಿದ. ಗೆದ್ದಾಗ "ಥೂ, ಹಾಳು ಡಬ್ಬ" ಎಂದು ಮೇಜು ಗುದ್ದುತ್ತಿದ್ದ. ಒಮ್ಮೆ ತಲೆ ಹಿಡಿದುಕೊಂಡು ಎಷ್ಟು ಚೆನ್ನಾಗಿ ನರಳಿದನೆಂದರೆ ಅವಳು ಅಡುಗೆಮನೆಯಿಂದ ಬಂದು ಸುಮ್ಮನೆ ಅವನ ಬೆನ್ನು ಸವರಿ ಹೋದಳು. ತನ್ನ ನಟನೆಗೆ ತಾನೇ ತಲೆದೂಗಿದ.

ಇತ್ತ ಕಚೇರಿಯಲ್ಲಿ ದೊಡ್ಡವರ ಯಂತ್ರ ಇಸ್ಪೀಟಿನ ರಾಣಿಯನ್ನು ಎತ್ತಲೂ ಏದುಸಿರು ಬಿಡತೊಡಗಿತು.

"ಏನ್ರೀ ಇದು? ಒಳಗಿನ ಸಾಮಾನು ಬದಲಾಯಿಸೋದಾ, ಪೂರ್ತಿ ಹೊಸದೇ ತಗೊಳ್ಳೋದಾ? ನೀವೇ ಹೇಳಿ."

ಅವನು ನಾಡಿ ನೋಡುವ ವೈದ್ಯನಂತೆ ಪೆಟ್ಟಿಗೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದ. "ಹೊಸದೇ ವಾಸಿ ಸಾರ್. ಇದರ ಆಯುಷ್ಯ ಮುಗಿದಿದೆ."

ಹೊಸದು ಬಂತು. ಇನ್ನೂ ಬಲಶಾಲಿ. ಅದನ್ನು ಜೋಡಿಸುವಾಗ ಅವನ ಕೈ ಹಸುಗೂಸನ್ನು ಮುಟ್ಟಿದಂತೆ ಮೃದುವಾಗಿತ್ತು. ಇದೂ ಒಂದು ದಿನ ಮಾಗುತ್ತದೆ. ಅವಸರವಿಲ್ಲ.

ಮರುದಿನ ಅವನನ್ನು ಕಚೇರಿಯ ಇನ್ನೊಂದು ಶಾಖೆಯ ಕೆಲಸಕ್ಕೆ ಕಳಿಸಿದರು. ಸಂಜೆ ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು, ಮುಖ ತುಂಬ ನಗು.

"ಕಣ್ಣು ಮುಚ್ಕೊಂಡು ಬನ್ನಿ."

ಕಣ್ಣು ತೆರೆದಾಗ ಮೇಜಿನ ಮೇಲೆ ದೊಡ್ಡವರ ಹಿಂದಿನ ಪೆಟ್ಟಿಗೆ ಥಳಥಳ ಹೊಳೆಯುತ್ತಿತ್ತು. ತನ್ನ ಹಳೆಯ ಪೆಟ್ಟಿಗೆ ಇದ್ದಲ್ಲಿ ಇರಲಿಲ್ಲ.

"ದೊಡ್ಡವರೇ ಫೋನ್ ಮಾಡಿದ್ರು ರೀ! ನೀವು ಊಟಾನೂ ಬಿಟ್ಟು ಅವರ ಕಂಪ್ಯೂಟರ್ ಧೂಳು ತೆಗೀತಿದ್ರಂತೆ. ಇಂಥ ನಿಯತ್ತಿನ ಮನುಷ್ಯನಿಗೆ ಏನಾದ್ರೂ ಕೊಡಬೇಕು, ಏನು ಕೊಡ್ಲಿ ಅಂದ್ರು. ನಾನು ಹೇಳೇಬಿಟ್ಟೆ, ಆ ಹಾಳು ಡಬ್ಬದ ಜೊತೆ ದಿನಾ ಒದ್ದಾಡ್ತಾರೆ ಸಾರ್, ನೋಡೋಕಾಗಲ್ಲ ಅಂತ. ಸ್ವಲ್ಪ ನಿಧಾನ, ಆದ್ರೆ ಅವರ ಕೈಗೆ ಸಿಕ್ರೆ ಸರಿಹೋಗತ್ತೆ ಅಂತ ತಕ್ಷಣ ಕಾರಲ್ಲಿ ಇದನ್ನ ಕಳಿಸಿಕೊಟ್ರು. ಸುಮ್ನೆ ಇಸ್ಕೊಳ್ಳೋದು ಚೆನ್ನಾಗಿರಲ್ಲ ಅಂತ ನಮ್ಮದನ್ನ ಡ್ರೈವರ್ ಕೈಲಿ ಕೊಟ್ಟೆ. ಆಫೀಸಿನ ಬಾಗಿಲ ಹತ್ರ ಕೂತು ಟೈಪ್ ಮಾಡೋರಿಗಾದ್ರೂ ಆಗತ್ತಂತೆ."

"ಒಳ್ಳೇದಾಯ್ತು" ಎಂದ. ಅವಳು ಸ್ವಿಚ್ಚು ಒತ್ತಿದಳು. ಪೆಟ್ಟಿಗೆ, ಅವನಿಗೆ ಚೆನ್ನಾಗಿ ಪರಿಚಯವಿದ್ದ ಆ ನಿಟ್ಟುಸಿರನ್ನು ಬಿಟ್ಟಿತು.

ಅವನು ಕುರ್ಚಿಯಲ್ಲಿ ಕುಸಿದ. ಆದರೆ ಅವಳು ಹಾಲು ಕಾಯಿಸಲು ಒಳಗೆ ಹೋಗುವಷ್ಟರಲ್ಲಿ ಬುದ್ಧಿ ಮತ್ತೆ ಎದ್ದು ಕೂತಿತ್ತು. ಹೋದದ್ದಾದರೂ ಎಲ್ಲಿಗೆ? ಅವನದೇ ಆಳ್ವಿಕೆಯ ಕಚೇರಿಗೆ, ಅವನದೇ ಸ್ಕ್ರೂಡ್ರೈವರಿನ ಅಂಕೆಗೆ. ಆ ಭಾಗಗಳ ಮೇಲೆ ಒಂದು ಚೀಟಿಯಿಲ್ಲ, ಒಂದು ಗುರುತಿಲ್ಲ. ನಾಲ್ಕು ದಿನ ಬಾಗಿಲ ಬಳಿ ಧೂಳು ತೆಗೆದರೆ ಎಲ್ಲವೂ ಊಟದ ಚೀಲದಲ್ಲಿ ಹಿಂದಿರುಗುತ್ತದೆ. ಮನಸ್ಸು ಹಗುರವಾಯಿತು. ಆಗ ಫೋನ್ ಬಡಿದುಕೊಂಡಿತು. ದೊಡ್ಡವರು. ಹೇಗಿದೆ ಬಹುಮಾನ ಎಂದು ಕೇಳಲು ಇರಬೇಕು. ಧನ್ಯವಾದದ ಮಾತುಗಳನ್ನು ಜೋಡಿಸಿಕೊಂಡೇ ಎತ್ತಿದ. ಅತ್ತಲಿಂದ ಬಂದ ಸ್ವರ ನಿಧಾನವಾಗಿತ್ತು, ಒಂದೊಂದೇ ಮೆಟ್ಟಿಲು ಇಳಿಯುವವರಂತೆ. "ನಿಮ್ಮನೆ ಪೆಟ್ಟಿಗೆ ಬಂತು ಕಣ್ರೀ. ಹಳೇದಾದ್ರೇನು, ಇನ್ಮೇಲೆ ನನ್ನದಲ್ವಾ ಅಂತ ಒಂದು ಸಹಿ ಹಾಕೋಕೆ ಡ್ರೈವರ್ ಕೈಲಿ ಕಾರಿನ ಸ್ಕ್ರೂಡ್ರೈವರಿಂದ ಮುಚ್ಚಳ ತೆಗೆಸಿದೆ. ಅದೇ, ನನ್ನ ಹಿಂದಿನ ಕಂಪ್ಯೂಟರ್ ಹೊಸದಾಗಿ ಬಂದಾಗ ನೀವು ಸ್ಕ್ರೂ ತರೋಕೆ ಹೋಗಿದ್ರಲ್ಲ, ಆಗ ಅದರ ಕಪ್ಪು ಕಾರ್ಡ್ ಮೇಲೆ ಕಪ್ಪು ಶಾಯೀಲಿ ಹಾಕಿದ್ದೆ, ಹಾಗೇ. ಟಾರ್ಚು ಓರೆಯಾಗಿ ಹಿಡಿದೆ, ಎಲ್ಲಿ ಜಾಗ ಇದೆ ನೋಡೋಣ ಅಂತ... ಆಗ್ಲೇ ನನ್ನ ಸಹಿ ಇದೆಯಲ್ರೀ."