ಬೋರಲಾಗದ ಕೊಪ್ಪರಿಗೆ

ಬಹಳ ಹಿಂದೆ, ನದಿಗಳು ಮಾತಾಡುತ್ತಿದ್ದ ಕಾಲದಲ್ಲಿ, ತೊರೆಗಲ್ಲು ಎಂಬ ರಾಜ್ಯವಿತ್ತು. ಅಲ್ಲಿಯ ಸೈನ್ಯಕ್ಕೆ ಅಡುಗೆ ಮಾಡುತ್ತಿದ್ದವಳು ದ್ಯಾವಕ್ಕ. ಅವಳ ಬಳಿ ಒಂದು ದೊಡ್ಡ ತಾಮ್ರದ ಕೊಪ್ಪರಿಗೆ ಇತ್ತು. ಅದಕ್ಕೆ ಮೂರು ಕಾಲು. ಸೈನ್ಯ ಹೋದಲ್ಲೆಲ್ಲ ಅದೂ ಹೋಗಬೇಕಲ್ಲ, ಅದಕ್ಕೇ ಅದು ನಡೆಯುತ್ತಿತ್ತು.

ಅಲ್ಲಿ ಒಂದು ಪದ್ಧತಿ ಇತ್ತು. ಅದನ್ನು ಮೊದಲೇ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಯುದ್ಧಕ್ಕೆ ಹೊರಟ ಪ್ರತಿಯೊಬ್ಬನೂ ತನ್ನ ಮರದ ಬಟ್ಟಲನ್ನು ಅಡುಗೆಮನೆಯ ಹಗ್ಗಕ್ಕೆ ಕಟ್ಟುತ್ತಿದ್ದ. ಅವನು ಬದುಕಿರುವವರೆಗೆ ಬಟ್ಟಲು ಬೆಚ್ಚಗಿರುತ್ತಿತ್ತು, ಸತ್ತರೆ ತಣ್ಣಗಾಗುತ್ತಿತ್ತು. ಮರಳಿ ಬಂದವನು ಅದರಲ್ಲಿ ಉಂಡು, ಅದನ್ನು ಮನೆಗೆ ಒಯ್ಯುತ್ತಿದ್ದ. ಬದುಕಿದವರೆಲ್ಲ ಉಂಡ ಮೇಲೆ ಕೊಪ್ಪರಿಗೆಯನ್ನು ಬೋರಲು ಹಾಕುತ್ತಿದ್ದರು. ಆಗ ಮಾತ್ರ ಯುದ್ಧ ಮುಗಿದಂತೆ.

ತೊರೆಗಲ್ಲಿನ ರಾಜ ಮಲ್ಲಭೂಪನಿಗೂ ಕಗ್ಗಲ್ಲು ಕೋಟೆಯ ಮಾಂತ್ರಿಕ ಉರಿಗಣ್ಣನಿಗೂ ಯುದ್ಧವಾಯಿತು. ಇಬ್ಬರೂ ದಣಿದು ಒಪ್ಪಂದ ಮಾಡಿಕೊಂಡರು. "ನನ್ನ ಕೋಟೆಯಲ್ಲಿ ನಿಮ್ಮ ಸೈನಿಕರು ಒಬ್ಬರೂ ಇಲ್ಲ" ಎಂದು ಉರಿಗಣ್ಣ ಹೇಳಿದ. ರಾಜ ನಂಬಿದ, ಅಥವಾ ನಂಬಿದಂತೆ ಮಾಡಿದ. ಆದರೆ ಹಗ್ಗದಲ್ಲಿ ಏಳು ಬಟ್ಟಲುಗಳು ಇನ್ನೂ ಬೆಚ್ಚಗೆ ತೂಗುತ್ತಿದ್ದವು.

"ದ್ಯಾವಕ್ಕ, ಕೊಪ್ಪರಿಗೆ ಬೋರಲು ಹಾಕು" ಎಂದ ರಾಜ.

"ಏಳು ಜನ ಉಣ್ಣಬೇಕು, ಪ್ರಭು."

"ಇದ್ದಾರೆ ಅಂದರೆ ಒಪ್ಪಂದ ಮುರಿಯುತ್ತದೆ. ಅವರೇನು ನಿನ್ನ ನೆಂಟರೇ?"

"ಅಲ್ಲ. ಅವರಲ್ಲಿ ಬೀರಣ್ಣ ಅಂತ ಒಬ್ಬನಿದ್ದಾನೆ. ಸಾರಿಗೆ ಉಪ್ಪು ಕಡಿಮೆ ಅಂತ ದಿನಾ ಜಗಳ ತೆಗೆಯುತ್ತಿದ್ದ. ಅವನ ಬಟ್ಟಲೂ ಬೆಚ್ಚಗಿದೆ."

"ಇದು ನನ್ನ ಆಜ್ಞೆ."

"ಕೊಪ್ಪರಿಗೆ ನನ್ನದು" ಎಂದಳು ದ್ಯಾವಕ್ಕ. ಬಟ್ಟಲುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು, ಸೌಟು ಹಿಡಿದು ಹೊರಟೇ ಬಿಟ್ಟಳು. ಅಂಬಲಿ ತುಂಬಿದ ಕೊಪ್ಪರಿಗೆ ಹಿಂದೆ ಹಿಂದೆ ನಡೆಯಿತು.

ದಾರಿಯಲ್ಲಿ ಮಾಂತ್ರಿಕನ ಬೆಂಕಿಹುಲಿ ಅಡ್ಡ ನಿಂತಿತು. "ಯುದ್ಧ ಮುಗಿದಿದೆ. ಎಲ್ಲಿಗೆ ಹೊರಟೆ, ಹೆಂಗಸೇ?"

"ನಮ್ಮ ಪಾಳೆಯದಲ್ಲಿ ಇನ್ನೂ ಊಟ ಮುಗಿದಿಲ್ಲ" ಎಂದಳು ಅವಳು.

ಹುಲಿ ಬಾಯಿ ತೆರೆದು ಬೆಂಕಿ ಉಗುಳಿತು. ದ್ಯಾವಕ್ಕ ಕೊಪ್ಪರಿಗೆಯ ಹಿಂದೆ ಸರಿದಳು. "ಹಾಗೇ ಊದು, ಅಂಬಲಿ ಆರಿಹೋಗಿತ್ತು" ಎಂದಳು. ಹುಲಿ ಸಿಟ್ಟಿನಿಂದ ಊದಿ ಊದಿ, ಒಳಗಿನ ಬೆಂಕಿಯೆಲ್ಲ ಖರ್ಚಾಗಿ, ಬೆಕ್ಕಿನಷ್ಟಾಗಿ ಓಡಿಹೋಯಿತು. ಅಂಬಲಿ ಕುದಿಯಿತು.

ಮುಂದೆ ದೋಣಿಗಳನ್ನು ನುಂಗುವ ನದಿ. "ಯುದ್ಧ ಮುಗಿದಿದೆ. ಎಲ್ಲಿಗೆ ಹೊರಟೆ?" ಎಂದು ಅದೂ ಕೇಳಿತು.

"ನಮ್ಮ ಪಾಳೆಯದಲ್ಲಿ ಇನ್ನೂ ಊಟ ಮುಗಿದಿಲ್ಲ."

ದ್ಯಾವಕ್ಕ ಕೊಪ್ಪರಿಗೆಯನ್ನು ನೀರಿಗಿಳಿಸಿ, ಅಂಚಿನ ಮೇಲೆ ಹಸಿ ಎಲೆ ಹಾಸಿ ಕೂತು, ಸೌಟಿನಿಂದ ಹುಟ್ಟು ಹಾಕಿದಳು. ನದಿ ನುಂಗಲು ಬಂತು, ಕಾದ ತಾಮ್ರಕ್ಕೆ ನಾಲಿಗೆ ಸುಟ್ಟುಕೊಂಡು ಹಿಂದೆ ಸರಿಯಿತು. ಆಚೆ ದಡದಲ್ಲೇ ಕಗ್ಗಲ್ಲು ಕೋಟೆ.

ಕೋಟೆಯ ನಡುಮನೆಯಲ್ಲಿ ಚಾವಣಿಯನ್ನು ಹೊತ್ತ ಏಳು ಕಂಬಗಳಿದ್ದವು. ಮೈಯೆಲ್ಲ ಕಲ್ಲು, ಮುಖ ಮಾತ್ರ ಮನುಷ್ಯರದು. "ನಮ್ಮವರು ನಮ್ಮನ್ನು ಮರೆತರು" ಎಂದು ಅವರು ಒಪ್ಪಿಕೊಂಡರೆ ಮುಖವೂ ಕಲ್ಲಾಗಿ, ಕೋಟೆ ಶಾಶ್ವತವಾಗಿ ನಿಲ್ಲುತ್ತಿತ್ತು. ಉರಿಗಣ್ಣ ದಿನವೂ ಕೇಳುತ್ತಿದ್ದ. ಏಳು ಜನರೂ ದಿನವೂ ಉಗುಳುತ್ತಿದ್ದರು.

"ಸೈನಿಕರಿಲ್ಲ ಎಂದೆಯಲ್ಲ" ಎಂದಳು ದ್ಯಾವಕ್ಕ.

"ಇವು ಕಂಬಗಳು" ಎಂದು ಉರಿಗಣ್ಣ ನಕ್ಕ. "ಇಷ್ಟು ದೂರ ಬಂದಿದ್ದೀಯ, ಒಬ್ಬನನ್ನು ಕೊಡುತ್ತೇನೆ. ಕೊಪ್ಪರಿಗೆ ಬೋರಲು ಹಾಕಿ, ಯುದ್ಧ ಮುಗಿಯಿತು ಅನ್ನು. ಯಾರು ಬೇಕು, ಆರಿಸಿಕೋ."

"ಅಕ್ಕಾ, ಆ ಕೊನೆಯ ಕಂಬದ ಚಿಕ್ಕವನನ್ನು ಕರೆದುಕೊಂಡು ಹೋಗು" ಎಂದ ಬೀರಣ್ಣ. "ನಾನೊಬ್ಬನೇ ಹೋಗೋದಿಲ್ಲ" ಎಂದ ಚಿಕ್ಕವನು.

"ಸುಮ್ಮನಿರಿ ಇಬ್ಬರೂ" ಎಂದಳು ದ್ಯಾವಕ್ಕ. "ಒಬ್ಬನಿಗೆ ಬಡಿಸಿ ಉಳಿದವರನ್ನು ಎಬ್ಬಿಸುವ ಪಂಕ್ತಿ ನಮ್ಮದಲ್ಲ."

"ಹಾಗಾದರೆ ಬಡಿಸು. ಕಲ್ಲಿಗೆ ಹೊಟ್ಟೆ ಎಲ್ಲಿದೆ, ನೋಡೋಣ" ಎಂದ ಉರಿಗಣ್ಣ.

ಅದೇ ಅವನು ಮಾಡಿದ ತಪ್ಪು. ಏಕೆಂದರೆ ಆ ಮಾಯೆ ನಡೆಯುತ್ತಿದ್ದುದು ತಮ್ಮವರು ಕೈಬಿಟ್ಟವರ ಮೇಲೆ ಮಾತ್ರ. ತಮ್ಮ ಬಟ್ಟಲೇ ಹುಡುಕಿಕೊಂಡು ಬಂದವರನ್ನು ಯಾರು ಕೈಬಿಟ್ಟಂತಾಯಿತು? ಅವಳು ಅವರವರ ಬಟ್ಟಲಿಗೆ ಅಂಬಲಿ ಹೊಯ್ದು ತುಟಿಗೆ ಹಿಡಿದಳು. ಅಂಬಲಿ ಇಳಿದಂತೆ ಗಂಟಲು ಗಂಟಲಾಯಿತು, ಎದೆ ಎದೆಯಾಯಿತು, ಕಾಲು ಕಾಲಾಯಿತು.

ಬೀರಣ್ಣ ಬಟ್ಟಲು ನೆಕ್ಕಿ, "ಉಪ್ಪು ಕಡಿಮೆ" ಎಂದ.

"ಮೊದಲು ಓಡು" ಎಂದಳು ದ್ಯಾವಕ್ಕ.

ಕಂಬಗಳು ಓಡಿದವು ಅಂದರೆ ಚಾವಣಿ ನಿಲ್ಲುವುದೇ? ಕೋಟೆ ಕುಸಿಯಿತು. ಧೂಳಿನೊಳಗಿಂದ ಉರಿಗಣ್ಣ ಕಣ್ಣಲ್ಲಿ ಕೆಂಡ ಕಾರುತ್ತ ಬಯಲಿಗೆ ನುಗ್ಗಿದ. ದ್ಯಾವಕ್ಕ ಅವನನ್ನು ನೋಡಲಿಲ್ಲ. ಬಟ್ಟಲುಗಳನ್ನು ನೋಡಿದಳು. ಏಳೂ ಖಾಲಿ.

"ಈಗ ಊಟ ಮುಗಿಯಿತು" ಎಂದಳು.

ಕೊಪ್ಪರಿಗೆ ಅದನ್ನೇ ಕಾಯುತ್ತಿತ್ತು. ಮೂರು ಕಾಲಿನಿಂದ ನೆಗೆದು ಉರಿಗಣ್ಣನ ಮೇಲೆ ಬೋರಲಾಗಿ ಬಿತ್ತು. ಅವನ ಕಣ್ಣಿನ ಬೆಂಕಿ ಅವನನ್ನೇ ಸುಟ್ಟಿತು. ಒಳಗೆ ಒಂದು ಹಿಡಿ ಬೂದಿ ಉಳಿಯಿತು, ಪಾತ್ರೆ ಬೆಳಗಲು ಸಾಕಾಗುವಷ್ಟು.

ಏಳು ಜನರೊಂದಿಗೆ ದ್ಯಾವಕ್ಕ ಮರಳಿದಾಗ ಊರ ಬಾಗಿಲಲ್ಲಿ ರಾಜ ಮಲ್ಲಭೂಪ ಬಿಳಿಚಿ ನಿಂತಿದ್ದ. "ಸೈನಿಕರು ಒಬ್ಬರೂ ಇಲ್ಲ ಎಂದು ಒಪ್ಪಿದ್ದೆನಲ್ಲ..." ಎಂದ.

"ಕಂಬಗಳು ನಡೆದು ಬಂದವು ಅಂದುಕೊಳ್ಳಿ, ಪ್ರಭು" ಎಂದ ಬೀರಣ್ಣ, ತಲೆ ಬಾಗಿಸದೆ. ಏಳು ಜನರೂ ರಾಜನನ್ನು ದಾಟಿ, ಬಟ್ಟಲು ಹಿಡಿದು ತಂತಮ್ಮ ಮನೆಗೆ ಹೋದರು. ರಾಜನೇ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಅಂದಿನಿಂದ ಹಗ್ಗದಲ್ಲಿ ಒಂದು ಬಟ್ಟಲು ಬೆಚ್ಚಗಿರುವವರೆಗೆ ಯುದ್ಧ ಮುಗಿಯಿತು ಎನ್ನಲು ತೊರೆಗಲ್ಲಿನ ಯಾವ ರಾಜನಿಗೂ ಬಾಯಿ ಬರಲಿಲ್ಲ. ಏಳು ಮನೆಗಳಲ್ಲಿ ಏಳು ಬಟ್ಟಲುಗಳು ಬಹುಕಾಲ ಬೆಚ್ಚಗಿದ್ದವು. ಎಲ್ಲರೂ ಉಂಡು ಸುಖವಾಗಿದ್ದರು, ಬೀರಣ್ಣ ಸ್ವಲ್ಪ ಹೆಚ್ಚು ಉಪ್ಪು ಹಾಕಿಕೊಂಡು.